ಕಡಿಯುವ ಮೊದಲು ಕಸಿ ಕಟ್ಟಿ
(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮಲ್ಲಿ ಅನೇಕರ ಹಿತ್ತಲಲ್ಲಿ ಅಜ್ಜಿ ಕಾಲದ ಒಂದು ಹಲಸಿನ ಮರ ಇರುತ್ತದೆ. ಮಗಳ ಮದುವೆ, ಆಸ್ಪತ್ರೆ ಖರ್ಚು ಅಂತ ಬಂದಾಗ ಮರದ ವ್ಯಾಪಾರಿಯ ಕಣ್ಣು ಬೀಳುವುದು ಅದರ ಮೇಲೆಯೇ. ಕಷ್ಟಕ್ಕೆ ಮಾರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಕೊಡಲಿ ಬೀಳುವ ಮೊದಲು ಆ ಮರದಿಂದ ಕಸಿ ಗಿಡ ಮಾಡಿಕೊಳ್ಳಿ.

"ಬೀಜ ಇದೆಯಲ್ಲ ಸಿಸ್ಟರ್, ಹಾಕಿದ್ರಾಯ್ತು" ಅಂತೀರಿ. ಹಲಸಿನಲ್ಲಿ ಬೇರೆ ಮರದ ಪರಾಗವೂ ಸೇರುತ್ತದೆ. ಆದ್ದರಿಂದ ಬೀಜದ ಗಿಡ ತಾಯಿಮರದ ಹಾಗೆಯೇ ಇರುವುದಿಲ್ಲ. ಜೇನಿನಂಥ ಬಕ್ಕೆ ಹಲಸಿನ ಬೀಜದಿಂದ ಸಪ್ಪೆ ಹಣ್ಣಿನ ಮರ ಬರಬಹುದು. ಮರ ಹೋದರೆ ಆ ರುಚಿಯೂ ಹೋದಂತೆ.

ತುಮಕೂರು ಜಿಲ್ಲೆಯ ಚೇಳೂರಿನ ಉದಾಹರಣೆ ನೋಡಿ. ಅಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟ ಮರದ ಹಣ್ಣು ಸಣ್ಣದು, ತೊಳೆ ಕೆಂಪು, ಬಲು ರುಚಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. 'ಸಿದ್ದು' ಹೆಸರಿನ ಕಸಿ ಗಿಡಗಳ ಮಾರಾಟದಿಂದ ಮನೆಯವರಿಗೆ ಲಕ್ಷಗಟ್ಟಲೆ ಆದಾಯ ಬಂತು. ಕಡಿದು ಮಾರಿದ್ದರೆ ಒಂದೇ ಸಲದ ದುಡ್ಡು ಅಲ್ವಾ?

ಕಸಿ ಕಟ್ಟುವ ಕ್ರಮ ಹೀಗೆ:

1. ಹಲಸಿನ ಬೀಜ ಒಣಗಿದರೆ ಮೊಳೆಯದು. ಹಣ್ಣು ಬಿಡಿಸಿದ ಕೂಡಲೇ ತೊಳೆದು ಪಾಲಿಥೀನ್ ಚೀಲದಲ್ಲಿ ಹಾಕಿ. ಎರಡು ಮೂರು ತಿಂಗಳಿಗೆ ಸಸಿ ಕಸಿಗೆ ತಯಾರು.

2. ತಾಯಿಮರದಲ್ಲಿ ಪೆನ್ಸಿಲ್ ದಪ್ಪದ ಆರೋಗ್ಯವಂತ ಕಡ್ಡಿ ಆರಿಸಿ. ವಾರ ಹತ್ತು ದಿನ ಮೊದಲೇ ಅದರ ಎಲೆ ಸವರಿ, ತೊಟ್ಟು ಮಾತ್ರ ಬಿಡಿ.

3. ಸಸಿಯ ತಲೆ ಕತ್ತರಿಸಿ ನಡುವೆ ಸೀಳಿ. ಕಡ್ಡಿಯ ಬುಡವನ್ನು ಬೆಣೆಯಂತೆ ಹೆರೆದು ಅದರಲ್ಲಿ ಕೂರಿಸಿ. ಒಂದು ಬದಿಯಲ್ಲಾದರೂ ಸಿಪ್ಪೆಗೆ ಸಿಪ್ಪೆ ಸೇರಲೇಬೇಕು.

4. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ ನೆರಳಲ್ಲಿಡಿ. ಚಿಗುರಿದ ಮೇಲೆ ಕವರ್ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರಿ.

ಕಟ್ಟಿದ್ದೆಲ್ಲಾ ಹತ್ತುವುದಿಲ್ಲ, ಬೇಸರ ಬೇಡ. ಒಂದು ಮರಕ್ಕೆ ಹತ್ತು ಕಸಿಯಾದರೂ ಕಟ್ಟಿ. ನೆಡುವಾಗ ನೀರು ನಿಲ್ಲದ, ಮನೆಯ ಗೋಡೆಯಿಂದ ದೂರದ ಜಾಗ ನೋಡಿ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಫಲ ಶುರುವಾಗುತ್ತದೆ.

ಇದಕ್ಕೆ ಸಾಲ ಬೇಕಿಲ್ಲ. ಬರುವ ವಾರದ ಸಭೆಯಲ್ಲಿ ಯಾರ ಮನೆಯ ಮರ, ಯಾವ ತಿಂಗಳ ಹಣ್ಣು, ರುಚಿ ಹೇಗೆ ಅಂತ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ. ಮಾರಾಟದ ಮಾತು ನಡೆದಿರುವ ಮರದಿಂದಲೇ ಕಸಿ ಆರಂಭವಾಗಲಿ.