ಫಿಟ್ಸ್ ಬಂದವರಿಗೆ ಬೇಕಾದದ್ದು ಕಬ್ಬಿಣವಲ್ಲ, ಮಾತ್ರೆ
(ಕೊಳಗಲ್ಲು ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಮೂರ್ಛೆ ರೋಗ, ಅಂದ್ರೆ ನಾವು ಫಿಟ್ಸ್ ಅನ್ನೋದು, ದೆವ್ವದ ಕಾಟವಲ್ಲ. ಮಿದುಳಿನ ವಿದ್ಯುತ್ ಸಂಚಾರ ಸ್ವಲ್ಪ ಹೊತ್ತು ಏರುಪೇರಾದಾಗ ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿರಿ, ಬಾಯಿಗೆ ಚಮಚ ತುರುಕಬೇಡಿರಿ, ನೀರು ಕುಡಿಸಬೇಡಿರಿ, ಕೈಕಾಲು ಒತ್ತಿ ಹಿಡಿಯಬೇಡಿರಿ. ಒಲೆಯಿಂದ ದೂರ ಸರಿಸಿ, ತಲೆ ಕೆಳಗೆ ಮಡಚಿದ ಬಟ್ಟೆ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿರಿ. ಗಡಿಯಾರ ನೋಡಿರಿ. 5 ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್ ಮಾಡಿರಿ.

ಕೆಲವರಿಗೆ ತಲೆ ಮೇಲೆ ಬಿಸಿನೀರು ಸುರಿದುಕೊಂಡಾಗಲೇ ಫಿಟ್ಸ್ ಬರುತ್ತದೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆಯಲ್ಲೂ ಇಂಥವರು ಕಂಡುಬಂದರು. ಅಂಥವರು ಉಗುರುಬೆಚ್ಚಗಿನ ನೀರನ್ನೇ ಬಳಸಲಿ, ಬಚ್ಚಲ ಚಿಲಕ ಹಾಕದಿರಲಿ.

ಸರಿಯಾಗಿ ಮಾತ್ರೆ ತಗೊಂಡ್ರೆ 10ರಲ್ಲಿ ಸುಮಾರು 7 ಮಂದಿಗೆ ಫಿಟ್ಸ್ ಬಾರದಂತೆ ತಡೆಯಬಹುದು. ಎರಡು ತಿಂಗಳು ಬರಲಿಲ್ಲ ಅಂತ ಮಾತ್ರೆ ಬಿಡಬೇಡಿರಿ. ಬಸುರಿಯಾದರೂ ತಾವಾಗಿ ನಿಲ್ಲಿಸಬಾರದು. ಮಗು ಬೇಕು ಅಂದಾಗಲೇ ಡಾಕ್ಟರನ್ನು ಕೇಳಬೇಕು.

ಇನ್ನು ಮದುವೆ ಮಾತು. ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಆದ್ದರಿಂದ ಮುಚ್ಚಿಡಬೇಡಿರಿ. ಮುಚ್ಚಿಟ್ಟರೆ ಹುಡುಗಿ ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗಬೇಕು. ನುಂಗೋದು ತಪ್ಪಿದ ದಿನ ಒಲೆ ಮುಂದೆ ಬೀಳ್ತಾಳೆ. ಹೇಳಿ ಕೊಟ್ಟರೆ ಅತ್ತೆಯೇ ಮಾತ್ರೆ ನೆನಪು ಮಾಡ್ತಾಳೆ.

ನಿಮ್ಮ ಓಣಿಯಲ್ಲಿ ಇಂಥವರಿದ್ದರೆ ಸಂಘದವರೇ ಜೊತೆಗೆ ಹೋಗಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ತೋರಿಸಿರಿ.