ಎತ್ತಿನ ಹೊಟ್ಟೆಗೆ ದಿನಕ್ಕೆ ಎಷ್ಟು ರೂಪಾಯಿ?



2023ರ ಬರದ ಬಗ್ಗೆ ನಾವು ಬಹಳ ಅಂಕಿ ಕೇಳಿದ್ದೀವಿ. 2023ರ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶದ ಅತ್ಯಂತ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಕೇಂದ್ರಕ್ಕೆ ರಾಜ್ಯ ಆಗ ಕೇಳಿದ್ದ ಪರಿಹಾರ 17,901 ಕೋಟಿ. ಎಲ್ಲವೂ ದೊಡ್ಡ ದೊಡ್ಡ ಅಂಕಿಗಳೇ. ಇವತ್ತು ನಾನು ಒಂದು ಸಣ್ಣ ಅಂಕಿಯ ಬಗ್ಗೆ ಮಾತಾಡ್ತೀನಿ. ಒಂದು ಎತ್ತಿನ ಹೊಟ್ಟೆ ತುಂಬೋಕೆ ದಿನಕ್ಕೆ ಎಷ್ಟು ಮೇವು ಬೇಕು, ಅದಕ್ಕೆ ಎಷ್ಟು ದುಡ್ಡು ಬೇಕು? ವಿಧಾನಸೌಧದಲ್ಲಿ ಈ ಲೆಕ್ಕ ಯಾರೂ ಹೇಳಲ್ಲ. ಆದರೆ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಲ್ಲಿ, ಹಿರೇಕೆರೂರಲ್ಲಿ, ಹಾನಗಲ್ಲಿನಲ್ಲಿ ರೈತ ದಿನಾ ಬೆಳಗ್ಗೆ ಎದ್ದು ಬಣವಿ ಕಡೆ ನೋಡಿ ಹಾಕೋದು ಇದೇ ಲೆಕ್ಕ.

ರಟ್ಟೀಹಳ್ಳಿ ಅಂದ್ರೆ ಕುಮುದ್ವತಿ ನದಿ ದಂಡೆಯ ಊರು. ಕದಂಬೇಶ್ವರನ ಗುಡಿ ಇರೋ ಊರು. ಹಿರೇಕೆರೂರಿನಿಂದ ಬೇರೆಯಾಗಿ ಈಚೆಗೆ ತಾಲೂಕಾಯ್ತು. ಸುತ್ತ ಮೆಕ್ಕೆಜೋಳದ ಸೀಮೆ. ಮಳೆ ಕೈಕೊಟ್ಟರೆ ಮೆಕ್ಕೆಜೋಳದಲ್ಲಿ ಎರಡು ಏಟು ಒಟ್ಟಿಗೆ ಬೀಳುತ್ತೆ. ತೆನೆ ಕಟ್ಟಲಿಲ್ಲ ಅಂದ್ರೆ ಮನುಷ್ಯನ ಕೈಗೆ ದುಡ್ಡಿಲ್ಲ. ದಂಟು ಎತ್ತರಕ್ಕೆ ಬರಲಿಲ್ಲ ಅಂದ್ರೆ ದನಕ್ಕೆ ಸೊಪ್ಪೆ ಇಲ್ಲ. ಇದೇ ಜಿಲ್ಲೆ 2022ರಲ್ಲಿ ಚರ್ಮಗಂಟು ರೋಗಕ್ಕೆ ಸಿಕ್ಕಿ ನೂರಾರು ದನ ಕಳ್ಕೊಂಡಿತ್ತು. ಬದುಕಿ ಉಳಿದ ದನಕ್ಕೆ 2023ರಲ್ಲಿ ಮೇವಿನ ಚಿಂತೆ.

ಆ ಕಡೆಯ ರೈತರೊಬ್ಬರು ಕೇಳಿದ ಮಾತು ಇದು: “ಎತ್ತು ಮುದಿ ಆಗ್ಯಾವ್ರೀ. ಮಾರೋಣಂದ್ರ ತಗೊಳ್ಳೋರಿಲ್ಲ, ಕಟ್ಟೋಣಂದ್ರ ಮೇವಿಲ್ಲ. ಏನ್ ಮಾಡೋಣ್ರಿ?” ಈ ಪ್ರಶ್ನೆಗೆ ಭಾಷಣದಲ್ಲಿ ಉತ್ತರ ಸಿಗಲ್ಲ. ಲೆಕ್ಕದಲ್ಲಿ ಹುಡುಕೋಣ.

ನೋಡಿ, ಒಂದು ಸಾಧಾರಣ ಎತ್ತು 400 ಕೆ.ಜಿ. ತೂಕ ಅಂತ ಇಟ್ಕೊಳ್ಳಿ. ಕೆಲಸ ಇಲ್ಲದೆ ಕಟ್ಟಿದ ದನಕ್ಕೂ ಮೈ ಉಳಿಸಿಕೊಳ್ಳೋಕೆ ತೂಕದ ನೂರಕ್ಕೆ ಎರಡು ಪಾಲಿನಷ್ಟು ಒಣ ಮೇವು ಬೇಕು. ಅಂದ್ರೆ 8 ಕೆ.ಜಿ. ಒಣಗಿದ ಸೊಪ್ಪೆಯಲ್ಲೂ ಸ್ವಲ್ಪ ತೇವ ಇರುತ್ತೆ, ಹಾಗಾಗಿ 9 ಕೆ.ಜಿ. ಅನ್ನಿ. ಜೋಡಿಗೆ ದಿನಕ್ಕೆ 18 ಕೆ.ಜಿ. ಡಿಸೆಂಬರ್ ಒಂದರಿಂದ ಮೇ ಕೊನೆವರೆಗೆ ಸುಮಾರು 183 ದಿನ. ಗುಣಿಸಿದರೆ ಹತ್ತಿರ ಹತ್ತಿರ 33 ಕ್ವಿಂಟಲ್. ಇದು ಒಂದು ಜೋಡಿ ಎತ್ತಿಗೆ ಮಾತ್ರ. ಆಕಳು, ಎಮ್ಮೆ, ಕರುವಿನ ಲೆಕ್ಕ ಬೇರೆ.

ಈಗ ನಿಮ್ಮ ಬಣವಿ ಎಷ್ಟಿದೆ? ಕಣ್ಣಳತೆ ಬೇಡ. ಹತ್ತು ಹೊರೆ ತೂಗಿ, ಸರಾಸರಿ ತೆಗೀರಿ, ಒಟ್ಟು ಹೊರೆಗೆ ಗುಣಿಸಿ. ಅರ್ಧ ಗಂಟೆಯ ಕೆಲಸ. 20 ಕ್ವಿಂಟಲ್ ಬಂತು ಅನ್ನಿ. ದಿನಕ್ಕೆ 18 ಕೆ.ಜಿ.ಯಂತೆ ಅದು 111 ದಿನಕ್ಕೆ ಮುಗಿಯುತ್ತೆ. ಮಾರ್ಚ್ 20ರ ಸುಮಾರಿಗೇ ಬಣವಿ ಖಾಲಿ. ಕೊರತೆ 13 ಕ್ವಿಂಟಲ್. ಇದನ್ನು ಇವತ್ತು ಕೊಂಡರೆ ಕೆ.ಜಿ.ಗೆ 8 ರೂಪಾಯಿ ಅಂತ ಇಟ್ಟುಕೊಂಡರೂ 10,400 ರೂಪಾಯಿ. ಮಾರ್ಚ್‌ನಲ್ಲಿ ಎಲ್ಲರೂ ಮುಗಿಬಿದ್ದಾಗ ಅದೇ 12 ರೂಪಾಯಿ ಆಯ್ತು ಅಂದ್ರೆ 15,600. ದರ ನಿಮ್ಮೂರಿನದು ಹಾಕ್ಕೊಳ್ಳಿ, ಲೆಕ್ಕದ ದಾರಿ ಇದೇ. ಮೇವು ಕೊಳ್ಳೋದಿದ್ದರೆ ಬಣವಿ ಇರುವಾಗಲೇ ಕೊಳ್ಳಬೇಕು, ಕರಗಿದ ಮೇಲಲ್ಲ.

ಇರೋ ಮೇವನ್ನು ಹಿಗ್ಗಿಸೋದು ಹೇಗೆ? ಮೊದಲನೇದು, ಕತ್ತರಿಸಿ ಹಾಕಿ. ಉದ್ದನೆ ಸೊಪ್ಪೆಯನ್ನು ಹಾಗೇ ಗೋದಲಿಗೆ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತೆ, ಕಾಲಲ್ಲಿ ತುಳಿಯುತ್ತೆ. ಮೇವು ಕತ್ತರಿಸೋ ಯಂತ್ರ ಒಬ್ಬೊಬ್ಬರೇ ಕೊಳ್ಳಬೇಕಿಲ್ಲ, ನಾಲ್ಕು ಮನೆ ಸೇರಿ ಕೊಂಡರೂ ಆಗುತ್ತೆ.

ಎರಡನೇದು, ಯೂರಿಯಾ ಉಪಚಾರ. 100 ಕೆ.ಜಿ. ಒಣ ಹುಲ್ಲಿಗೆ ಅಥವಾ ಕತ್ತರಿಸಿದ ಸೊಪ್ಪೆಗೆ 4 ಕೆ.ಜಿ. ಯೂರಿಯಾ, 50 ಲೀಟರ್ ನೀರು. ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಒತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಗಾಳಿಯಾಡದ ಹಾಗೆ 21 ದಿನ ಇಡಬೇಕು. ಗಟ್ಟಿ ಹುಲ್ಲು ಮೆತ್ತಗಾಗುತ್ತೆ, ಜೀರ್ಣ ಆಗೋದು ಹೆಚ್ಚುತ್ತೆ. ತೆಗೆದ ಮೇಲೆ ಸ್ವಲ್ಪ ಹೊತ್ತು ಹರಡಿ, ಘಾಟು ಹೋದ ಮೇಲೆ ಹಾಕಿ. ಮೊದಲ ವಾರ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಆರು ತಿಂಗಳ ಒಳಗಿನ ಕರುವಿಗೆ ಬೇಡವೇ ಬೇಡ. ಯೂರಿಯಾ ಕಲಸಿದ ನೀರಿನ ಬಕೆಟ್ ದನದ ಬಾಯಿಗೆ ಸಿಗೋ ಜಾಗದಲ್ಲಿ ಇಡಬೇಡಿ, ಕುಡಿದರೆ ಜೀವ ಹೋಗುತ್ತೆ. ಮೊದಲ ಸಲ ಮಾಡೋರು ಪಶು ಆಸ್ಪತ್ರೆಯವರನ್ನು ಕೇಳಿಕೊಂಡೇ ಮಾಡಿ.

ಮೂರನೇದು, ರಸಮೇವು. ಹಸಿ ಮೆಕ್ಕೆಜೋಳ ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿ ಇಲ್ಲದ ಹಾಗೆ ಒತ್ತಿ ಇಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ಇಲ್ಲೇ ಒಂದು ಬಿಕ್ಕಟ್ಟಿದೆ. ತೆನೆ ಕಟ್ಟಲ್ಲ ಅಂತ ಗೊತ್ತಾದ ಮೆಕ್ಕೆಜೋಳವನ್ನು ಹಸಿರಿರುವಾಗಲೇ ಕಡಿದರೆ ಅದು ಮೇವಾದರೂ ಆಗುತ್ತೆ. ಆದರೆ ರೈತ ಕಡಿಯಲ್ಲ. ಯಾಕೆ? ಬೆಳೆಹಾನಿ ನೋಡೋಕೆ ಅಧಿಕಾರಿ ಬರಬೇಕು, ವಿಮೆಯವರು ಬರಬೇಕು. ಕಡಿದ ಹೊಲ ತೋರಿಸಿದರೆ ಪರಿಹಾರ ಎಲ್ಲಿ ತಪ್ಪುತ್ತೋ ಅನ್ನೋ ಭಯ. ಅವರು ಬರೋ ಹೊತ್ತಿಗೆ ದಂಟು ಒಣಗಿ ಕಡ್ಡಿ. ಬೆಳೆಯೂ ಹೋಯ್ತು, ಮೇವೂ ಹೋಯ್ತು. ಸರ್ಕಾರಕ್ಕೆ ನನ್ನ ಪ್ರಶ್ನೆ ಇಷ್ಟೇ: ಹಸಿರಿರುವಾಗಲೇ ಸಮೀಕ್ಷೆ ಮುಗಿಸಿ, “ಕಡಿದುಕೊಳ್ಳಿ” ಅಂತ ಒಂದು ಚೀಟಿ ಕೊಡೋಕೆ ಏನು ಕಷ್ಟ? ಇದಕ್ಕೆ ಕೋಟಿ ಬೇಕಿಲ್ಲ.

ಇನ್ನೊಂದು ಎಚ್ಚರಿಕೆ. ಮಳೆ ಇಲ್ಲದೆ ಮುರುಟಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಇರುತ್ತೆ. ಒಣ ಹೊಲಕ್ಕೆ ಒಂದು ಮಳೆ ಬಿದ್ದು ಕೂಳೆ ಚಿಗುರಿದಾಗ ಇನ್ನೂ ಅಪಾಯ. ಹಸಿದ ದನ ಅದಕ್ಕೆ ನುಗ್ಗಿದರೆ ನಿಮಿಷಗಳಲ್ಲಿ ಬೀಳುತ್ತೆ. ಬೂಷ್ಟು ಹಿಡಿದ ಮೇವನ್ನೂ “ಬರಗಾಲ, ತಿನ್ಲಿ ಬಿಡು” ಅಂತ ಹಾಕಬೇಡಿ.

ಈಗ ಗಾಯರಾಣದ ಮಾತು. ಭೂಕಂದಾಯ ನಿಯಮದಲ್ಲಿ 100 ದನಕ್ಕೆ 30 ಎಕರೆ ಹುಲ್ಲುಗಾವಲು ಬಿಡಬೇಕು ಅಂತಿದೆ. ನಿಮ್ಮೂರಲ್ಲಿ ಎಷ್ಟು ದನ, ಎಷ್ಟು ಎಕರೆ ಗಾಯರಾಣ? ಗ್ರಾಮಸಭೆಯಲ್ಲಿ ಕೇಳಿ. ಕಾಗದದ ಮೇಲೆ ಇದ್ದದ್ದು ನೆಲದ ಮೇಲೆ ಇದೆಯಾ ನೋಡಿ. ಉಳಿದಿರೋ ತುಂಡನ್ನಾದರೂ ಸರಿಯಾಗಿ ಮೇಯಿಸ್ತಿದ್ದೀವಾ?

ಇದು ನಮ್ಮ ನಾಡಿಗೆ ಹೊಸ ವಿದ್ಯೆ ಅಲ್ಲ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳಲ್ಲಿ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತಲೇ ಬೇರೆ ಬೇರೆ ಇದ್ದವು. ಒಂದು ಕಡೆ ಮೇಯಿಸುವಾಗ ಇನ್ನೊಂದು ಕಡೆ ಹುಲ್ಲಿಗೆ ಉಸಿರಾಡೋಕೆ ಬಿಡ್ತಿದ್ದರು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ಇವತ್ತಿಗೂ ಇದೆ. ಬರದಲ್ಲೂ ಬಾಳುವ ದನ ಅಂತ ಆ ತಳಿಗೆ ಹೆಸರು ಬಂದಿದ್ದು ಸುಮ್ಮನೆ ಅಲ್ಲ, ಅದರ ಹಿಂದೆ ಹುಲ್ಲುಗಾವಲಿನ ಶಿಸ್ತು ಇತ್ತು. ಊರ ಗಾಯರಾಣವನ್ನು ನಾಲ್ಕು ಭಾಗ ಮಾಡಿ, ಮುಂದಿನ ಮಳೆಗಾಲದಲ್ಲಿ ಒಂದೊಂದನ್ನೇ ತೆರೆಯೋಕೆ ಗ್ರಾಮ ಪಂಚಾಯ್ತಿ ಠರಾವು ಸಾಕು. ಬೇರು ಕಿತ್ತು ಬರೋ ಹಾಗೆ ಮೇಯಿಸಿದರೆ ಮಳೆ ಬಂದರೂ ಚಿಗುರಲ್ಲ.

ಈಗ ಕಠಿಣ ಮಾತಿಗೆ ಬರ್ತೀನಿ. ಆಸ್ಟ್ರೇಲಿಯಾದಂಥ ದೇಶದಲ್ಲಿ ಮಾಂಸಕ್ಕಾಗಿ ದನ ಸಾಕೋರು ಬರದ ಸುಳಿವು ಸಿಕ್ಕ ಕೂಡಲೇ ಮಾಡೋ ಮೊದಲ ಕೆಲಸ ದನದ ಸಂಖ್ಯೆ ಇಳಿಸೋದು. ಇಂಥ ದಿನಾಂಕದೊಳಗೆ ಮಳೆ ಬಾರದಿದ್ದರೆ ಇಷ್ಟು ದನ ಮಾರಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳೋರಿದ್ದಾರೆ. ಅಲ್ಲಿ ಕೊಳ್ಳೋಕೆ ಮಾಂಸದ ಮಾರುಕಟ್ಟೆ ಇದೆ. ನಮ್ಮಲ್ಲಿ? 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತಿಗೆ, ಪ್ರಮಾಣಪತ್ರ ಇದ್ದರೆ ಅವಕಾಶ ಇತ್ತು. 2020ರ ಕಾಯ್ದೆಯಲ್ಲಿ ಅದಿಲ್ಲ. ಹಸು, ಕರು, ಹೋರಿ, ಎತ್ತು, ಯಾವ ವಯಸ್ಸಿನದ್ದೂ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು.

ಈ ಕಾಯ್ದೆ ಇರಬೇಕು ಅನ್ನೋರಿದ್ದಾರೆ, ಬೇಡ ಅನ್ನೋರಿದ್ದಾರೆ. 2023ರ ಜೂನ್‌ನಲ್ಲಿ ಪಶುಸಂಗೋಪನೆ ಸಚಿವರು ಆಡಿದ ಒಂದು ಮಾತಿಗೆ ಎಲ್ಲ ಚಾನೆಲ್‌ಗಳಲ್ಲೂ ದಿನಗಟ್ಟಲೆ ಗದ್ದಲ ನಡೀತು. ಇವತ್ತು ಆ ಜಗಳ ಬೇಡ. ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ: ಆ ಗದ್ದಲದಲ್ಲಿ ಮೇವಿನ ದರ ಯಾರಾದರೂ ಕೇಳಿದ್ರಾ? ಕಾಯ್ದೆ ಇರುವಷ್ಟು ದಿನ ಮುದಿ ಎತ್ತನ್ನು ಕೊಳ್ಳೋನು ಇನ್ನೊಬ್ಬ ರೈತ ಮಾತ್ರ. 2023ರಲ್ಲಿ ಆ ರೈತನ ಊರಲ್ಲೂ ಬರ. 236ರಲ್ಲಿ 223 ತಾಲೂಕು ಬರ ಅಂದ ಮೇಲೆ ಕೊಳ್ಳೋರು ಎಲ್ಲಿಂದ ಬರಬೇಕಿತ್ತು?

ಸರ್ಕಾರದ ಲೆಕ್ಕವನ್ನೇ ನೋಡಿ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು. ಒಂದು ಗೋವಿಗೆ ವರ್ಷಕ್ಕೆ 11,000 ರೂಪಾಯಿ. ಭಾಗಿಸಿದರೆ ದಿನಕ್ಕೆ 30 ರೂಪಾಯಿ. 2023ರಲ್ಲಿ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಬರದ ಮೇವು ಶಿಬಿರಕ್ಕೆ ದೊಡ್ಡ ದನಕ್ಕೆ ದಿನಕ್ಕೆ 80 ರೂಪಾಯಿ, ಸಣ್ಣದಕ್ಕೆ 45 ಇತ್ತು. ಅಂದ್ರೆ ಒಂದೇ ಹೊಟ್ಟೆಗೆ ಎರಡು ದರ! ನಾವು ಮೇಲೆ ಹಾಕಿದ ಲೆಕ್ಕದಲ್ಲಿ 9 ಕೆ.ಜಿ. ಮೇವಿಗೆ, 8 ರೂಪಾಯಿಯಂತೆ, 72 ರೂಪಾಯಿ ಆಯ್ತು. ಹಿಂಡಿ ಇಲ್ಲ, ಬೂಸಾ ಇಲ್ಲ, ನೀರು ಹೊತ್ತ ಕೂಲಿ ಇಲ್ಲ. ಶಿಬಿರಕ್ಕೆ ಸಿಗ್ತಿದ್ದ 80 ರೂಪಾಯಿ ಮನೆಯ ಗೋದಲಿಗೆ ಸಿಗ್ತಿರಲಿಲ್ಲ. ಅದಕ್ಕಾಗಿ ರೈತ ದನ ಹೊಡ್ಕೊಂಡು ಮೈಲಿಗಟ್ಟಲೆ ಹೋಗಬೇಕಿತ್ತು. ಸೊರಗಿದ ದನ ಬಿಸಿಲಲ್ಲಿ ನಡೆದರೆ ತಿಂದದ್ದು ನಡಿಗೆಗೇ ಸರಿಹೋಗುತ್ತೆ.

ಹಾಗಾಗಿ ಬೇಡಿಕೆ ಸ್ಪಷ್ಟ. ಕಾಯ್ದೆ ಮಾಡಿ “ಸಾಕು” ಅಂದ ಸರ್ಕಾರ ಮೇವನ್ನೂ ಕೊಡಬೇಕು. ಬೇಸಿಗೆಗೆ ಕಾಯದೆ ಈಗಲೇ ಹೋಬಳಿಗೊಂದು ಮೇವು ಬ್ಯಾಂಕ್ ತೆರೀಬೇಕು. ಮೇವಿನ ಬೀಜದ ಕಿಟ್ ಕೊಟ್ಟಿದ್ದು ಒಳ್ಳೇದೇ. ಆದರೆ ಅದು ಬೋರ್‌ವೆಲ್‌ನಲ್ಲಿ ನೀರಿದ್ದವರಿಗೆ. ನೀರಿಲ್ಲದ ಒಣಬೇಸಾಯದವನಿಗೆ ಒಣಮೇವೇ ಬೇಕು. ಹಾನಗಲ್ಲ ಕಡೆ ಭತ್ತ ಬೆಳೆದವರ ಹುಲ್ಲು ಯಂತ್ರದ ಕೊಯ್ಲಲ್ಲಿ ಹೊಲದಲ್ಲೇ ಉಳಿದರೆ, ಬೆಂಕಿ ಹಚ್ಚೋ ಮೊದಲು ಅದನ್ನು ಕಟ್ಟು ಕಟ್ಟಿಸಿ ಕೊಳ್ಳೋರು ಬೇಕು. ಆ ಕೆಲಸ ಹಾಲಿನ ಸಂಘ ಮಾಡಲಿ, ಪಂಚಾಯ್ತಿ ಮಾಡಲಿ.

ರೈತರಿಗೂ ಒಂದು ಮಾತು. ದೀಪಾವಳಿ ಮುಗಿದ ಮೇಲೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸೋ ಹಬ್ಬದ ಕಾಲ. ಹೋರಿ ನಿಮ್ಮ ಹೆಮ್ಮೆ, ಯಾರೂ ಬೇಡ ಅನ್ನಲ್ಲ. ಆದರೆ ಅಖಾಡದ ಹೋರಿಗೆ ಹತ್ತಿಕಾಳು, ಹುರುಳಿ, ಹಿಂಡಿ. ಅದೇ ಕೊಟ್ಟಿಗೆಯ ಗಬ್ಬದ ಆಕಳಿಗೆ ಬರೀ ದಂಟು ಅಂತಾಗಬಾರದು. ಬರದ ವರ್ಷ ಸರತಿ ಹೀಗಿರಲಿ: ಮೊದಲು ಕರು ಮತ್ತು ಗಬ್ಬದ ಆಕಳು, ಆಮೇಲೆ ಹಾಲು ಕೊಡೋದು, ಆಮೇಲೆ ದುಡಿಯೋ ಎತ್ತು. ದೊಡ್ಡ ದನಕ್ಕೆಲ್ಲ ದಿನಕ್ಕೆ ಒಂದು ಹಿಡಿ ಲವಣ ಮಿಶ್ರಣ, 40 ಲೀಟರಿನಷ್ಟಾದರೂ ನೀರು. ಮಾರಲೇಬೇಕು ಅಂದ್ರೆ ಮೈ ಇರುವಾಗಲೇ, ಇನ್ನೊಬ್ಬ ರೈತನಿಗೆ ಮಾರಿ. ಪಕ್ಕೆಲುಬು ಎಣಿಸೋ ಹಾಗಾದ ಮೇಲೆ ಸಂತೆಯಲ್ಲಿ ಬೆಲೆ ಕಟ್ಟೋರು ಇರಲ್ಲ.

ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ ಅಂತ ಗಾದೆ. ಮನುಷ್ಯನಿಗೆ ಧೈರ್ಯ ಹೇಳೋಕೆ ಅದು ಸರಿ. ದನಕ್ಕೆ ಮಾತ್ರ ಹುಲ್ಲೇ ಬೇಕು. ಅದನ್ನು ದೇವರೂ ತಂದು ಹಾಕಲ್ಲ, ಭಾಷಣವೂ ತಂದು ಹಾಕಲ್ಲ. ಮುಂದಿನ ಸಲ ನಿಮ್ಮೂರಿಗೆ ಬರ ವೀಕ್ಷಣೆಗೆ ಯಾರಾದರೂ ಬಂದರೆ ಹಾರ ಹಾಕೋ ಮೊದಲು ಕೇಳಿ: “ಸಾಹೇಬ್ರೇ, ಒಂದು ಎತ್ತಿನ ಹೊಟ್ಟೆಗೆ ದಿನಕ್ಕೆ ಎಷ್ಟು ರೂಪಾಯಿ ಬೇಕು?” ಉತ್ತರ ಬಂದರೆ ಕೂಡಿಸಿ ಮಾತಾಡಿ. ಬಾರದಿದ್ದರೆ ಬಣವಿ ಹತ್ತಿರ ಕರ್ಕೊಂಡು ಹೋಗಿ, ಹತ್ತು ಹೊರೆ ತೂಗಿಸಿ.