ಸಣ್ಣ ನಿಲಯದ ಹಳಬರು

ಕೇಳುಗರೇ, ಕನ್ನಡನಾಡಿನ ಬಾನುಲಿ ಒಂದು ಮನೆಯೊಳಗೆ ಹುಟ್ಟಿತೆಂಬುದನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರೊಂದನ್ನು ಇಟ್ಟುಕೊಂಡು ಪ್ರಸಾರ ತೊಡಗಿದರು. ಮೂವತ್ತು ವ್ಯಾಟ್ ಎಂದರೆ ಅಂದಿನ ಕಾಲದ ನಡುಮನೆಯ ದೀಪಕ್ಕೂ ಸಾಲದಷ್ಟು. ಆ ಪುಟ್ಟ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಬಂದಿತು. 1950ರಲ್ಲಿ ನಿಲಯ ಕೇಂದ್ರ ಸರ್ಕಾರದ ಕೈ ಸೇರಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೇ ನಿಲಯ ದೊರೆತದ್ದು 1974ರಲ್ಲಿ. ಇವೆಲ್ಲ ಕಾಗದದ ಮೇಲೆ ಉಳಿದ ಸಂಗತಿಗಳು. ಆದರೆ ಮೊದಲ ವರ್ಷಗಳಲ್ಲಿ ಆ ಮನೆಯಿಂದ ಹೊರಟ ಮಾತು, ಹಾಡು ಕಿವಿಗೆ ಹೇಗಿತ್ತು? ಅಂದಿನ ಪ್ರಸಾರ ಆಡಿದ ಕ್ಷಣದಲ್ಲೇ ಗಾಳಿಗೆ ಸಲ್ಲುವಂಥದು. ಅದರ ವಿಚಾರ ನಮಗೆ ದಕ್ಕಿರುವುದು, ಬಹುಮಟ್ಟಿಗೆ, ಅಲ್ಲಿ ದುಡಿದವರೂ ಕೇಳಿದವರೂ ಹೇಳಿಟ್ಟ ಮಾತಿನಿಂದ.

ನಾನು ದುಡಿದ ನಿಲಯ ಅಷ್ಟು ಹೆಸರಾದುದಲ್ಲ. ಅದು ಯಾವುದೆಂದು ಹೇಳುವ ಅಗತ್ಯವೂ ಇಲ್ಲ. ಜಿಲ್ಲೆಯ ಊರುಗಳಲ್ಲಿದ್ದ ಸಣ್ಣ ನಿಲಯಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ಎರಡು ಸ್ಟುಡಿಯೋ, ಒಂದು ನಿಯಂತ್ರಣ ಕೊಠಡಿ, ಊರಾಚೆಯ ಬಯಲಲ್ಲಿ ಒಂದು ಕಂಬ, ಹಾವು ಚೇಳುಗಳ ಸಹವಾಸ. ಅಲ್ಲಿಂದ ನಿವೃತ್ತರಾದ ನಾವು ಏಳೆಂಟು ಮಂದಿ ಆಗಾಗ ಸೇರುವುದುಂಟು. ಸೇರಿದಾಗ ಆಡುವ ಮಾತು ಬಂದುಹೋದ ದೊಡ್ಡ ವಿದ್ವಾಂಸರದಾಗಿರಬಹುದೆಂದು ನೀವು ಎಣಿಸಬಹುದು. ಹಾಗಲ್ಲ. ನಮ್ಮ ಮಾತೆಲ್ಲ ಮೌನದ ಮೇಲಿನ ಭಯದ್ದೇ.

ಮನೆಯಲ್ಲಿ ಕುಳಿತ ನಿಮಗೆ ಹತ್ತು ಸೆಕೆಂಡು ಪೆಟ್ಟಿಗೆ ಸುಮ್ಮನಾದರೆ ಕಾಫಿಯನ್ನು ಒಂದು ಗುಟುಕು ಹೀರುವಷ್ಟು ಹೊತ್ತು. ಒಳಗಿದ್ದವನಿಗೆ ಅದು ಒಂದು ಯುಗ. ಉಪಗ್ರಹದ ಸಂಪರ್ಕ ಬರುವುದಕ್ಕೆ ಮುಂಚೆ ದೆಹಲಿಯ ವಾರ್ತೆಯನ್ನು ಹ್ರಸ್ವತರಂಗದಲ್ಲಿ ಹಿಡಿದು ನಾವು ಮರುಪ್ರಸಾರ ಮಾಡಬೇಕಾಗಿತ್ತು. ಅದು ಒಮ್ಮೆ ತುಂಬಿ ಹರಿಯುವುದು, ಒಮ್ಮೆ ಬತ್ತಿಹೋಗುವುದು. ನಮ್ಮ ತಾಂತ್ರಿಕ ಸಹಾಯಕರೊಬ್ಬರು ಗುಂಡಿಯ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ವೀಣೆಯ ತಂತಿ ಮೀಟುವವರಂತೆ ಕುಳಿತಿರುತ್ತಿದ್ದರು. ದನಿ ಪೂರ್ತಿ ಮುಳುಗಿತೋ, ಉದ್ಘೋಷಕಿ ಕ್ಷಮೆ ಕೇಳಿ ವಾದ್ಯಸಂಗೀತದ ತಟ್ಟೆಯ ಮೇಲೆ ಮುಳ್ಳಿಡಬೇಕು. ಅದಕ್ಕೆಂದೇ ಒಂದು ತಟ್ಟೆ ಸದಾ ಸಿದ್ಧವಾಗಿರುತ್ತಿತ್ತು. ಆ ತಟ್ಟೆ ನೂರಾರು ಸಲ ತೊಡಗಿ ಒಂದು ಸಲವೂ ಮುಗಿಯಲಿಲ್ಲವೆಂದು ನಮ್ಮಲ್ಲಿ ಒಂದು ಹಾಸ್ಯವಿದೆ. ಬೆಳಗಿನ ಪಾಳಿಯವರಿಗೆ ನಿಲಯದ ವ್ಯಾನು ನಾಲ್ಕೂವರೆಗೆ ಬಾಗಿಲಿಗೆ ಬರುತ್ತಿತ್ತು. ಮೂವತ್ತು ವರ್ಷ ಹಾಗೆ ಎದ್ದವರಿಗೆ ಇಂದಿಗೂ ಆ ಹೊತ್ತಿಗೆ ಎಚ್ಚರವಾಗುತ್ತದೆ.

ಇನ್ನು ಟೇಪಿನ ವಿಷಯ. ಇಂದು ಗಣಕಯಂತ್ರದಲ್ಲಿ ಆಗುವ ಕೆಲಸ ಅಂದು ಬ್ಲೇಡಿನಲ್ಲಿ ಆಗುತ್ತಿತ್ತು. ಟೇಪು ಸೆಕೆಂಡಿಗೆ 7½ ಅಂಗುಲದಂತೆ ಓಡುತ್ತದೆ. 1,200 ಅಡಿಯ ಸುರುಳಿ ಅರ್ಧ ಗಂಟೆಗೆ ಚೂರು ಹೆಚ್ಚು. ಭಾಷಣಕಾರರು ಅರೆ ಸೆಕೆಂಡು ಕೆಮ್ಮಿದರೆ ನಾಲ್ಕು ಅಂಗುಲದಷ್ಟು ಟೇಪು. ಅದನ್ನು ಕೈಯಿಂದ ಹಿಂದೆ ಮುಂದೆ ಎಳೆದು ಗುರುತಿಸಿ, ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಅಂಟಿಸಬೇಕು. ನಮ್ಮ ಕೆಲವರ ಮೇಜಿನ ಕೆಳಗೆ ಊರಿನ ಗಣ್ಯರ ಕೆಮ್ಮುಗಳು ರಾಶಿ ಬಿದ್ದಿರುತ್ತಿದ್ದವು!

ಹೊಸ ಟೇಪು ದುರ್ಲಭ. ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ ಅದೇ ಸುರುಳಿಯ ಮೇಲೆ ಮತ್ತೊಂದನ್ನು ಮುದ್ರಿಸುವುದೇ ಪದ್ಧತಿ. ಅಳಿಸುವ ಯಂತ್ರವೆಂದರೆ ಒಂದು ವಿದ್ಯುದಯಸ್ಕಾಂತ. ಸುರುಳಿಯನ್ನು ಅದರ ಮೇಲೆ ನಿಧಾನವಾಗಿ ಸುತ್ತಿಸಿ ದೂರ ಸರಿಸಿದರೆ ಅರ್ಧ ಗಂಟೆಯ ದನಿ ಅರೆನಿಮಿಷದಲ್ಲಿ ಇಲ್ಲವಾಗುತ್ತಿತ್ತು. ಅದರ ಬಳಿಗೆ ಹೋಗುವ ಮೊದಲು ಕೈಗಡಿಯಾರ ಬಿಚ್ಚಿಡಬೇಕು, ಇಲ್ಲವಾದರೆ ಅದೂ ಕೆಡುತ್ತದೆ.

ಒಮ್ಮೆ ನಮ್ಮ ಗ್ರಾಮೀಣ ಕಾರ್ಯಕ್ರಮಕ್ಕೆ ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆತಂದರು. ರಾಗಿ ಬೀಸುವ ಪದ ಹಾಡಬೇಕು. ಸ್ಟುಡಿಯೋದಲ್ಲಿ ಕುಳಿತ ಆಕೆ ಬಾಯಿ ಬಿಡಲೊಲ್ಲಳು. ಕೆಂಪು ದೀಪಕ್ಕೆ ಹೆದರಿದಳೆಂದು ನಾವು ತಿಳಿದೆವು. ಕೊನೆಗೆ, “ಕಲ್ಲಿಲ್ದೆ ಪದ ಬರಾಕಿಲ್ಲ ಕಣಪ್ಪ” ಎಂದಳು. ಕಾವಲುಗಾರನ ಮನೆಯಿಂದ ಬೀಸುವ ಕಲ್ಲು ಬಂದಿತು. ಅದರಡಿಗೆ ಗೋಣಿಚೀಲ ಮಡಿಸಿ ಹಾಕಿದ್ದಾಯಿತು. ಬರಿಗಲ್ಲು ಬೀಸಬಾರದೆಂದಳು, ಎದುರಿನ ಹೋಟೆಲಿನಿಂದ ಒಂದು ಸೇರು ರಾಗಿ ಬಂದಿತು. ಕಲ್ಲಿನ ಗುರುಗುಟ್ಟುವಿಕೆಗೆ ಮೀಟರಿನ ಮುಳ್ಳು ಕುಣಿಯುವುದನ್ನು ಕಂಡು ನಮ್ಮ ಎಂಜಿನಿಯರು ಮೈಕನ್ನು ಮೂರು ಸಲ ಜಾಗ ಬದಲಿಸಿದರು. ಆಮೇಲೆ ಆಕೆ ಎಡೆಬಿಡದೆ ಇಪ್ಪತ್ತು ನಿಮಿಷ ಹಾಡಿದಳು. ಒಳಗಿದ್ದವರಾರೂ ಗಡಿಯಾರ ನೋಡಲಿಲ್ಲ. ಹಿಟ್ಟನ್ನು ಕಾವಲುಗಾರನ ಹೆಂಡತಿಗೆ ಕೊಟ್ಟು, ಗೌರವಧನಕ್ಕೆ ಹೆಬ್ಬೆಟ್ಟು ಒತ್ತಿ, ಸಂಜೆಯ ಬಸ್ಸಿಗೆ ಊರಿಗೆ ಹೋದಳು.

ಹತ್ತು ಹನ್ನೆರಡು ವರ್ಷಗಳಾದ ಮೇಲೆ ಆಕೆಯ ಮೊಮ್ಮಗ ನಿಲಯಕ್ಕೆ ಬಂದ. ಅಜ್ಜಿ ತೀರಿಕೊಂಡಿದ್ದಳು, ಆಕೆಯದೊಂದು ಭಾವಚಿತ್ರವೂ ಮನೆಯಲ್ಲಿಲ್ಲ. “ದನಿ ಇದೆಯಾ ಸಾರ್?” ಎಂದು ಕೇಳಿದ. ದಾಖಲೆಯ ಪುಸ್ತಕ ತೆಗೆದೆವು. ಅಜ್ಜಿಯ ಹೆಸರಿತ್ತು, ಸುರುಳಿಯ ಸಂಖ್ಯೆಯೂ ಇತ್ತು. ಅದೇ ಸಂಖ್ಯೆಯ ಎದುರು ಮುಂದಿನ ಪುಟಗಳಲ್ಲಿ ಗೊಬ್ಬರದ ಮೇಲೊಂದು ಭಾಷಣ, ಮಕ್ಕಳ ನಾಟಕ, ಸಣ್ಣ ಉಳಿತಾಯದ ಚರ್ಚೆ. ಆತ ಆ ಪುಟವನ್ನು ತುಸು ಹೊತ್ತು ನೋಡಿ ನಮಸ್ಕಾರ ಹೇಳಿ ಹೋದ.

ಅಳಿಸಿದವರನ್ನು ದೂರುವುದು ಸುಲಭ. ಅಳಿಸದಿದ್ದರೆ ಮರುದಿನದ ಕಾರ್ಯಕ್ರಮಕ್ಕೆ ಟೇಪು ಎಲ್ಲಿಂದ ಬರಬೇಕು? ಆದರೂ ಒಂದು ಮಾತು ಹೇಳಲೇಬೇಕು. ಯಾವುದು ಉಳಿಯಬೇಕೆಂದು ಆರಿಸುವಾಗ ಹೆಸರು ನೋಡಿ ಆರಿಸುವುದೇ ರೂಢಿಯಾಗಿತ್ತು. ಹೆಸರಾಂತ ಸಂಗೀತಗಾರರದು, ನಾಯಕರದು ಭಂಡಾರ ಸೇರಿತು. ಅದು ನಮ್ಮ ಭಾಗ್ಯವೇ ಸರಿ. ಆದರೆ ಅವರ ದನಿ ಬೇರೆಡೆಯೂ ಸಿಕ್ಕೀತು. ಆ ಅಜ್ಜಿಯದು ಸಿಗುವ ಜಾಗ ಅದೊಂದೇ ಇತ್ತು.

ಈಚೆಗೆ ಸೇರಿದಾಗ ನಾವು ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೇವೆ. ಆ ಪದ ಯಾರಿಗೆ ಎಷ್ಟು ನೆನಪಿದೆಯೋ ಅಷ್ಟು ಬರೆಯುವುದು. ಉದ್ಘೋಷಕಿಗೆ ಮೊದಲ ಸಾಲುಗಳಿವೆ. ಎಂಜಿನಿಯರಿಗೆ ಸಾಹಿತ್ಯ ನೆನಪಿಲ್ಲ, ಆದರೆ ಕಲ್ಲು ಎಲ್ಲಿ ನಿಧಾನವಾಗುತ್ತಿತ್ತು, ಎಲ್ಲಿ ನಿಂತು ಆಕೆ ಹಿಡಿ ರಾಗಿ ಹಾಕುತ್ತಿದ್ದಳು ಎಂಬುದೆಲ್ಲ ಇದೆ. ಧ್ವನಿಮುದ್ರಣಕ್ಕೆ ಆಕೆಯನ್ನು ಕರೆತಂದವರು ಹೋದ ವರ್ಷ ತೀರಿಕೊಂಡರು. ನಡುವಿನ ಭಾಗ ಅವರಲ್ಲಿತ್ತು.

ನಿಲಯದಲ್ಲಿ ಇಲ್ಲದ್ದು ನಿಮ್ಮ ಮನೆಯಲ್ಲಿ ಇರಬಹುದೆಂಬ ಆಸೆಯಿಂದ ಇಷ್ಟನ್ನು ಹೇಳಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ರೇಡಿಯೋದಿಂದ ನೇರವಾಗಿ ಮುದ್ರಿಸಿಕೊಳ್ಳುವ ಹವ್ಯಾಸವಿತ್ತು. ಬ್ರಿಟನ್ನಿನ ಬಿಬಿಸಿಯವರು 2001ರಲ್ಲಿ ತಾವೇ ಕಳೆದುಕೊಂಡ ಕಾರ್ಯಕ್ರಮಗಳಿಗಾಗಿ ಜನರ ಮುಂದೆ ಕೈಚಾಚಿದರು. ಅಟ್ಟಗಳಿಂದ, ಪೆಟ್ಟಿಗೆಗಳಿಂದ ಸುರುಳಿಗಳು ಹೊರಬಂದವು. ನಮ್ಮ ಅಟ್ಟಗಳೇನು ಕಡಿಮೆಯೆ?

ಅಂಥ ಕ್ಯಾಸೆಟ್ಟು ಸಿಕ್ಕರೆ ಒಡನೆಯೇ ಹಾಕಿ ಕೇಳಬೇಡಿ. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಓಡಿಸದೆ ತಿಳಿದವರಿಗೆ ತೋರಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇದು ಬಹಳ. ಚೆನ್ನಾಗಿದ್ದರೆ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಚಿಪ್ಪುಗಳನ್ನು ಮುರಿದುಬಿಡಿ. ಆಮೇಲೆ ಕೈತಪ್ಪಿಯೂ ಅದರ ಮೇಲೆ ಬೇರೆ ಮುದ್ರಣವಾಗದು. ಬಿಸಿಲಿನಿಂದಲೂ ಧ್ವನಿವರ್ಧಕದ ಅಯಸ್ಕಾಂತದಿಂದಲೂ ದೂರವಿಡಿ. ಒಮ್ಮೆ ನುಡಿಸುವಾಗಲೇ ಮೊಬೈಲಿಗೋ ಗಣಕಯಂತ್ರಕ್ಕೋ ಪ್ರತಿ ಮಾಡಿಕೊಳ್ಳಿ. ಯಾವ ನಿಲಯ, ಸುಮಾರು ಯಾವ ವರ್ಷ ಎಂದು ಮೇಲೆ ಬರೆಯಿರಿ. ದನಿ ಯಾರದೆಂದು ತಿಳಿಯದಿದ್ದರೆ ನಿಮ್ಮ ಊರಿನ ನಿಲಯದ ಹಳಬರನ್ನು ಹುಡುಕಿ ಕೇಳಿಸಿ. ಎರಡು ಮಾತು ಕೇಳುವಷ್ಟರಲ್ಲಿ ಹೆಸರು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ.